ಇವತ್ತಿನ ತಿಂಡಿ ಏನು?

ಕಂಪ್ಯೂಟರಿಗೆ ಕಾವಲು ಕೂರುವವನ ಬಾಳಿನಲ್ಲಿ ನಿಜವಾದ ಕಳ್ಳ ಬರುವುದು ಎಲ್ಲೋ ಅಪರೂಪಕ್ಕೆ. ದಿನ ಬೆಳಗಾದರೆ ಬಾಗಿಲು ಮುರಿಯುವವರು ನಮ್ಮವರೇ.

ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿದ್ದ ಒಂದು ನೀರು ಸರಬರಾಜು ಕಂಪನಿಯಲ್ಲಿ ನಾನು ಬಹಳ ವರ್ಷ ಈ ಕೆಲಸ ಮಾಡಿದೆ. ನದಿಯಿಂದ ನೀರೆತ್ತಿ ಕಲ್ಯಾಣ, ಡೊಂಬಿವಲಿಯ ಮನೆಮನೆಗೆ ಮುಟ್ಟಿಸುವುದು ಕಂಪನಿಯ ಕೆಲಸ. ಪಂಪು, ವಾಲ್ವು ಎಲ್ಲವನ್ನೂ ನಮ್ಮ ಕಂಟ್ರೋಲ್ ರೂಮಿನ ಕಂಪ್ಯೂಟರೇ ಆಡಿಸುತ್ತಿತ್ತು. ಯಾರಾದರೂ ಹೊರಗಿನವರು ಅದರೊಳಗೆ ಕೈ ಹಾಕಿದರೆ ಎರಡು ಊರಿನ ನಲ್ಲಿ ಒಟ್ಟಿಗೆ ಒಣಗುತ್ತದೆ. ಹಾಗೆ ಆಗದಂತೆ ನೋಡಿಕೊಳ್ಳುವುದು ನನ್ನ ಹೊಣೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಹಠವೂ ಹಾಗೆಯೇ, ಹಿಡಿದರೆ ಉಡದ ಪಟ್ಟು. ಇವೆರಡೂ ಇಲ್ಲದಿದ್ದರೆ ಆ ಕೆಲಸದಲ್ಲಿ ಒಂದು ವಾರವೂ ನಿಲ್ಲುತ್ತಿರಲಿಲ್ಲ ಅನ್ನಿ.

ಸೀಟಿ

ಕೆಲಸಕ್ಕೆ ಸೇರಿದ ಹೊಸತು. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಸೊಸೈಟಿ ಸೆಕ್ರೆಟರಿ ಮೆಟ್ಟಿಲಲ್ಲಿ ಸಿಕ್ಕಿ, "ಎಲ್ಲಿ ಕೆಲಸ?" ಎಂದು ಕೇಳಿದರು.

"ಸೆಕ್ಯುರಿಟಿಯಲ್ಲಿ" ಎಂದೆ. ತಪ್ಪು ನನ್ನದೇ.

ಅವರ ಮುಖ ಅರಳಿತು. "ಬಹಳ ಒಳ್ಳೆಯದಾಯಿತು! ನಮ್ಮ ವಾಚ್‌ಮನ್ ತನ್ನ ಊರಿಗೆ ಹೋಗಿದ್ದಾನೆ. ರವಿವಾರ ಒಂದು ದಿನ ನೀವು ಗೇಟಿನ ಹತ್ತಿರ ಕೂತುಕೊಳ್ಳಿ. ನಿಮಗೆ ಅಭ್ಯಾಸ ಇದೆಯಲ್ಲ."

"ಅಲ್ಲ ಸಾಹೇಬರೇ, ನಾನು ಕಂಪ್ಯೂಟರಿನ ಸೆಕ್ಯುರಿಟಿ."

"ಕಂಪ್ಯೂಟರ್ ಕದಿಯುತ್ತಾರಾ?"

"ಕದಿಯುವುದಿಲ್ಲ. ಅದರ ಒಳಗೆ ನುಗ್ಗುತ್ತಾರೆ. ನಾನು ಅವರನ್ನು ಹಿಡಿಯಬೇಕು."

ಅವರು ಎರಡು ಕೈಯಲ್ಲಿ ಕಂಪ್ಯೂಟರಿನ ಅಳತೆ ತೋರಿಸಿದರು. "ಅಷ್ಟು ಸಣ್ಣ ಡಬ್ಬಿಯೊಳಗೆ ನುಗ್ಗುವವನನ್ನು ಹಿಡಿಯುತ್ತೀರಿ ಅಂದರೆ ಈ ಗೇಟು ನಿಮಗೆ ಯಾವ ಲೆಕ್ಕ!"

ಕೂತೆ ಮಾರಾಯ್ರೆ, ಏನು ಮಾಡುವುದು. ಕೂತ ಮೇಲೆ ಅರ್ಧಂಬರ್ಧ ಕೆಲಸ ನನ್ನ ಜಾಯಮಾನಕ್ಕೆ ಒಗ್ಗುವುದಿಲ್ಲ. ಬಂದವರಿಗೆಲ್ಲ ಹೆಸರು ಬರೆಯಿರಿ, ಸಹಿ ಹಾಕಿ, ಯಾರ ಮನೆಗೆ, ಯಾಕೆ ಎಂದು ಕೇಳಿದೆ. ಸೆಕ್ರೆಟರಿಯ ಅತ್ತೆಯೇ ಬಂದರು. "ಮೇಲಿನಿಂದ ಒಪ್ಪಿಗೆ ಬರಲಿ" ಎಂದು ಅವರನ್ನೂ ಕಲ್ಲುಬೆಂಚಿನ ಮೇಲೆ ಕೂರಿಸಿದೆ. ಸೆಕ್ರೆಟರಿ ಸ್ನಾನಕ್ಕೆ ಹೋಗಿದ್ದರಂತೆ, ಒಪ್ಪಿಗೆ ಬರುವುದು ತಡವಾಯಿತು.

ಮರುದಿನ ಅವರು ಬೈಯಲು ಬಂದರೆಂದುಕೊಂಡೆ. ಕೈ ಹಿಡಿದು ಕುಲುಕಿದರು. "ಅತ್ತೆಯನ್ನು ಅರ್ಧ ಗಂಟೆ ತಡೆದವರು ಈವರೆಗೆ ಯಾರೂ ಇಲ್ಲ. ಕಾಲ ಚೆನ್ನಾಗಿಲ್ಲ, ಎಲ್ಲ ಕಂಪನಿಯವರೂ ಜನರನ್ನು ತೆಗೆಯುತ್ತಿದ್ದಾರೆ. ನಿಮ್ಮನ್ನು ತೆಗೆದರೆ ಸಂಕೋಚ ಬೇಡ. ವಾಚ್‌ಮನ್ನನ ಸೀಟಿ ನಿಮಗೇ ಇಟ್ಟಿರುತ್ತೇನೆ."

ಬರೆದಿಡಬೇಡಿ ಅಂದದ್ದಕ್ಕೆ

ಕಲ್ಯಾಣದ ಆಚೆ ನಮ್ಮ ಪಂಪ್‌ಹೌಸ್. ಮೊದಲ ಸಲ ಹೋದಾಗ ನೋಡುತ್ತೇನೆ, ಕಂಪ್ಯೂಟರಿನ ಹಣೆಗೆ ಚೀಟಿ ಅಂಟಿಸಿ ಪಾಸ್‌ವರ್ಡ್ ಬರೆದಿದ್ದಾರೆ. ಅಳಿಸಿಹೋಗಬಾರದೆಂದು ಮೇಲೆ ಟೇಪು ಬೇರೆ. ನನಗೆ ಪಿತ್ತ ನೆತ್ತಿಗೇರಿತು. ಚೀಟಿ ಕಿತ್ತೆ, ಪಾಸ್‌ವರ್ಡ್ ಬದಲಾಯಿಸಿದೆ, "ಇನ್ನು ಮೇಲೆ ಎಲ್ಲೂ ಬರೆದಿಟ್ಟರೆ ಜಾಗ್ರತೆ!" ಎಂದು ಕೂಗಾಡಿ ಬಂದೆ.

ತಿಂಗಳು ಬಿಟ್ಟು ಹೋದೆ. ಚೀಟಿ ಇಲ್ಲ. ಮೇಜಿನ ಕೆಳಗೆ, ಕ್ಯಾಲೆಂಡರಿನ ಹಿಂದೆ, ದೇವರ ಫೋಟೋದ ಹಿಂದೆ ಹುಡುಕಿದೆ. ಎಲ್ಲೂ ಇಲ್ಲ. ಜನ ಹೇಳಿದರೆ ಕೇಳುತ್ತಾರೆ ಎಂದು ಎದೆ ತುಂಬಿ ಬಂತು. ಚಹಾ ಕುಡಿಯುತ್ತ ಕೂತಿದ್ದೆ. ಪಾಳಿ ಬದಲಾಯಿತು. ಹೊಸದಾಗಿ ಬಂದವನು ಕುರ್ಚಿಯಲ್ಲಿ ಕೂತು ವೈರ್‌ಲೆಸ್ ಎತ್ತಿಕೊಂಡು ಗಟ್ಟಿಯಾಗಿ ಕೇಳಿದ: "ಪಾಸ್‌ವರ್ಡ್ ಹೇಳ್ರೋ!"

ಆ ವೈರ್‌ಲೆಸ್ಸು ನದಿಯಿಂದ ಡೊಂಬಿವಲಿಯವರೆಗೆ ಎಲ್ಲ ವಾಲ್ವ್‌ಮನ್‌ಗಳಿಗೂ ಕೇಳುತ್ತದೆ. ಒಬ್ಬ ಒಂದೊಂದೇ ಅಕ್ಷರ ಬಿಡಿಸಿ ಬಿಡಿಸಿ ಹೇಳಿದ. ನಾನು ಗ್ಲಾಸು ಕೆಳಗಿಡುವಷ್ಟರಲ್ಲಿ ಆರು ಮೈಲಿ ದೂರದಿಂದ ಇನ್ನೊಬ್ಬನ ಧ್ವನಿ ಬಂತು: "ಅಲ್ಲಪ್ಪ, ಕೊನೆಯ ಅಕ್ಷರ ದೊಡ್ಡದು! ಮೊನ್ನೆಯೂ ನೀನು ತಪ್ಪೇ ಹೇಳಿದ್ದೆ!"

ಘಣಸೋಲಿಯ ಕಳ್ಳ

ಆಮೇಲೆ ಆ ಕೆಟ್ಟ ಕಾಲ ನಿಜವಾಗಿಯೂ ಬಂತು. ವ್ಯಾಪಾರ ಬಿದ್ದುಹೋದರೆ ಹಿಂದಿಯಲ್ಲಿ ಅದಕ್ಕೆ 'ಮಂದಿ' ಎನ್ನುತ್ತಾರೆ. ಹಿಂದಿಯ ಮಂದಿ ಬಂತು, ನಮ್ಮ ಮಂದಿ ಕಡಿಮೆಯಾದರು. ನಮಗೆ ಸಾಫ್ಟ್‌ವೇರ್ ಮಾಡಿಕೊಟ್ಟ ಸಣ್ಣ ಕಂಪನಿಯಂತೂ ಬಾಗಿಲೇ ಹಾಕಿತು.

ಅದಾಗಿ ಎರಡು ತಿಂಗಳಿಗೆ ನೋಡುತ್ತೇನೆ, ದಿನಾ ಬೆಳಿಗ್ಗೆ ಒಂಬತ್ತೂ ಹತ್ತಕ್ಕೆ ಸರಿಯಾಗಿ ಯಾರೋ ಹೊರಗಿನಿಂದ ನಮ್ಮ ಕಂಪ್ಯೂಟರಿನೊಳಗೆ ಬರುತ್ತಿದ್ದಾರೆ. ಸಂಜೆ ಆರಕ್ಕೆ ಹೋಗುತ್ತಾರೆ. ಮಧ್ಯಾಹ್ನ ಒಂದರಿಂದ ಎರಡರವರೆಗೆ ಏನೂ ಇಲ್ಲ. ಊಟಕ್ಕೆ ರಜೆ ತೆಗೆದುಕೊಳ್ಳುವ ಕಳ್ಳ! ಹಿಡಿಯದೆ ಬಿಡುವುದಿಲ್ಲ ಎಂದು ಹಠ ಹಿಡಿದೆ. ಹದಿನೈದು ದಿನ ಬೆನ್ನು ಹತ್ತಿ, ಕೊನೆಗೆ ನವಿ ಮುಂಬಯಿಯ ಘಣಸೋಲಿಯಲ್ಲಿ ಒಂದು ಮನೆಯ ಬೆಲ್ ಒತ್ತಿದೆ.

ಬಾಗಿಲು ತೆಗೆದವರು ಮುಚ್ಚಿಹೋದ ಆ ಕಂಪನಿಯ ಹಿರಿಯ ಇಂಜಿನಿಯರರು. ಇಸ್ತ್ರಿ ಮಾಡಿದ ಶರ್ಟು, ಕಾಲಲ್ಲಿ ಬೂಟು. ಬೂಟು ಯಾಕೆಂದರೆ ಅವರು ಒಳಗಿನ ಕೋಣೆಯಲ್ಲಿ 'ಆಫೀಸಿಗೆ' ಬಂದಿದ್ದರು. ಕೆಲಸ ಹೋದ ಮೇಲೂ ಹಳೆಯ ಪಾಸ್‌ವರ್ಡ್ ಹಾಕಿ ನಮ್ಮ ಪಂಪುಗಳನ್ನು ನೋಡಿಕೊಳ್ಳುತ್ತಿದ್ದರು.

"ಯಾಕೆ ಸಾರ್?"

"ಸುಮ್ಮನೆ ಕೂರಲು ಆಗುವುದಿಲ್ಲಪ್ಪ. ನಿಮ್ಮವರು ಅಲಾರ್ಮ್ ನೋಡುವುದಿಲ್ಲ, ನಾನೇ ಸರಿಮಾಡುತ್ತೇನೆ" ಎಂದರು.

ನನಗೆ ಸಂಕಟವಾಯಿತು, ನಿಜ ಹೇಳುತ್ತೇನೆ. ಆದರೆ ನಿಯಮ ನಿಯಮವೇ. ಅವರೆದುರಿಗೇ ಅವರ ದಾರಿ ಮುಚ್ಚಿದೆ. ಅವರು ಬೇಸರಪಡಲಿಲ್ಲ, ಚಹಾ ಮಾಡಿಸಿಕೊಟ್ಟರು. ನಾಲ್ಕೇ ದಿನ. ಕಂಟ್ರೋಲ್ ರೂಮಿನಲ್ಲಿ ಅಲಾರ್ಮುಗಳು ಕುಯ್ಯೋ ಮುರ್ರೋ ಎಂದು ಕೂಗಲು ಶುರು. ಯಾರಿಗೂ ನಿಲ್ಲಿಸಲು ಬರುವುದಿಲ್ಲ. ನಾಚಿಕೆ ಬಿಟ್ಟು ಅವರಿಗೇ ಫೋನ್ ಮಾಡಿದೆ.

"ಹೇಳಬಹುದು" ಎಂದರು. "ಆದರೆ ಮಾತಾಡುತ್ತಿರುವುದು ನೀವೇ ಎಂದು ನನಗೆ ಹೇಗೆ ಗೊತ್ತಾಗಬೇಕು? ಯಾರನ್ನೂ ನಂಬಬಾರದು ಎಂದು ಮೊನ್ನೆ ನೀವೇ ಒಂದು ಗಂಟೆ ಪಾಠ ಮಾಡಿ ಹೋದಿರಲ್ಲ. ಘಣಸೋಲಿಗೆ ಬನ್ನಿ, ಮುಖ ನೋಡಿ ಹೇಳುತ್ತೇನೆ."

ಕೋಗಿಲೆ

ಅವರ ಮಾತು ತಲೆಯಲ್ಲಿ ಕೂತುಬಿಟ್ಟಿತು. ಯಾಕೆಂದರೆ ಅದು ಚುನಾವಣೆಯ ಹೊತ್ತು. ಇವತ್ತು ಒಬ್ಬರ ಬಂದ್, ನಾಳೆ ಇನ್ನೊಬ್ಬರ ಮೋರ್ಚಾ. ಕಂಟ್ರೋಲ್ ರೂಮಿಗೆ ಫೋನುಗಳ ಸುರಿಮಳೆ. "ನಾನು ಮಂತ್ರಾಲಯದಿಂದ, ಆ ವಾರ್ಡಿಗೆ ನೀರು ಬಿಡಿ" ಎಂದು ಒಬ್ಬ (ರಾಯರ ಮಂತ್ರಾಲಯವಲ್ಲ, ಮುಂಬಯಿಯ ಸರಕಾರಿ ಸಚಿವಾಲಯ), "ಈ ವಾರ್ಡಿಗೆ ನಿಲ್ಲಿಸಿ" ಎಂದು ಇನ್ನೊಬ್ಬ. ಒಂದು ದಿನವಂತೂ ಯಾರೋ ನಮ್ಮ ದೊಡ್ಡ ಸಾಹೇಬರ ಧ್ವನಿಯನ್ನೇ ಅನುಕರಿಸಿ, ಕೆಮ್ಮೂ ಕೆಮ್ಮಿ, ಒಂದು ವಾಲ್ವು ಮುಚ್ಚಿಸಿಬಿಟ್ಟ. ಆ ವಾರ್ಡಿನ ಜನ ಇದು ರಾಜಕೀಯ ಎಂದು ಆಫೀಸಿಗೆ ಕಲ್ಲು ಹೊಡೆದರು.

ದೊಡ್ಡ ಸಾಹೇಬರು, ಠಾಣೆಯ ಕೋಪರಿಯ ಮರಾಠಿಯವರು, ನನ್ನನ್ನು ಕರೆದರು. "ಕಂಪನಿಯಲ್ಲಿ ಖರ್ಚು ಇಳಿಸಲು ಹೇಳಿದ್ದಾರೆ. ನಿನ್ನ ಪೋಸ್ಟ್ ಯಾಕೆ ಬೇಕು ಎಂದು ಕೇಳುತ್ತಿದ್ದಾರೆ. ಚುನಾವಣೆ ಮುಗಿಯುವವರೆಗೆ ಇನ್ನೊಂದು ಸಲ ಹೀಗಾದರೆ ಪೋಸ್ಟ್ ಇಲ್ಲ. ಮೀಟರ್ ರೀಡಿಂಗಿಗೆ ಹೋಗು."

"ಇನ್ನೊಂದು ಸಲ ಆಗುವುದಿಲ್ಲ" ಎಂದೆ. ಹೇಗೆ ಎಂದು ನನಗೂ ಗೊತ್ತಿರಲಿಲ್ಲ, ಹಠದಲ್ಲಿ ಬಾಯಿಗೆ ಬಂತು.

ಮರುದಿನವೇ ನಿಯಮ ಮಾಡಿದೆ. ಫೋನಿನಲ್ಲಿ ಯಾರೇ ಹುಕುಂ ಕೊಡಲಿ, ಆ ದಿನದ ಗುಟ್ಟಿನ ಶಬ್ದ ಹೇಳಬೇಕು. ಧ್ವನಿಯನ್ನು ನಂಬಬಾರದು. ಮೂರು ಸಲ ತಪ್ಪಿದರೆ ಫೋನ್ ಕುಕ್ಕಬೇಕು. ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ಮೊದಲ ದಿನದ ಶಬ್ದ 'ಕೋಗಿಲೆ'.

ಪರೀಕ್ಷೆ ಮಾಡಲು ನಾನೇ ಹೊರಗಿನಿಂದ ಧ್ವನಿ ಬದಲಾಯಿಸಿ ಫೋನ್ ಮಾಡಿದೆ. ಕಂಟ್ರೋಲ್ ರೂಮಿನ ಹಿರಿಯ ಆಪರೇಟರರು ಎತ್ತಿಕೊಂಡರು. ನಮ್ಮ ಉಡುಪಿಯವರೇ. ಕಂಪನಿಗೆ ಬರುವ ಮೊದಲು ಡೊಂಬಿವಲಿಯಲ್ಲಿ ಮಾವನ ಹೋಟೆಲಿನ ಅಡಿಗೆಮನೆ ನೋಡಿಕೊಳ್ಳುತ್ತಿದ್ದವರು, ಗಿರಾಕಿಗೆ ಇಲ್ಲ ಎಂದು ಹೇಳಿ ಗೊತ್ತೇ ಇಲ್ಲ.

"ನಾನು ಮಂತ್ರಾಲಯದಿಂದ. ಮೂರನೇ ಪಂಪ್ ನಿಲ್ಲಿಸಿ" ಎಂದೆ.

"ನಿಲ್ಲಿಸುವ ಸಾರ್, ಅದಕ್ಕೇನು. ಆದರೆ ಇವತ್ತಿನ ಶಬ್ದ ಹೇಳಬೇಕಂತೆ, ಹೊಸ ನಿಯಮ."

"ಯಾವ ಶಬ್ದ?"

"ಅದೇ ಸಾರ್, ಕೋಗಿಲೆ. ನೀವು ಒಮ್ಮೆ ಹೇಳಿಬಿಡಿ, ನಾನು ಬರೆದುಕೊಳ್ಳುತ್ತೇನೆ."

ಡಬ್ಬಿ

ಕೋಗಿಲೆ ಹಾರಿಹೋಯಿತು. ಆದರೆ ನಾನು ಬಿಡುವ ಜನವಾ? ಆಪರೇಟರರ ಪಕ್ಕ ಕೂತು ಯೋಚಿಸಿದೆ. ಅವರಿಗೆ ಕೋಗಿಲೆ, ನವಿಲು ಯಾವುದೂ ಮನಸ್ಸಿಗೆ ನಾಟುವುದಿಲ್ಲ. ನಾಟುವುದು ಒಂದೇ, ತಿಂಡಿ. ಇಪ್ಪತ್ತು ವರ್ಷದ ಹಿಂದೆ ಯಾವ ಗಿರಾಕಿ ಯಾವ ಮೇಜಿನಲ್ಲಿ ಏನು ತಿಂದ ಎಂದು ಈಗಲೂ ಹೇಳುವ ಮನುಷ್ಯ.

ಅವತ್ತಿನಿಂದ ನನ್ನ ಡಬ್ಬಿಯ ತಿಂಡಿಯೇ ದಿನದ ಶಬ್ದ. ಬೆಳಿಗ್ಗೆ ಏಳಕ್ಕೆ ನನ್ನ ಹೆಂಡತಿ ಮನೆಯಿಂದ ಕಂಟ್ರೋಲ್ ರೂಮಿಗೂ ಸಾಹೇಬರಿಗೂ ಫೋನ್ ಮಾಡಿ ತಿಂಡಿಯ ಹೆಸರು ಹೇಳುವುದು. ನನಗೆ ಬೇಕಾದರೆ ಡಬ್ಬಿ ತೆರೆದು ನೋಡಿಕೊಳ್ಳುವುದು. ಕಾಗದ ಇಲ್ಲ, ವೈರ್‌ಲೆಸ್ ಇಲ್ಲ, ಅವಳು ಏನು ಮಾಡುತ್ತಾಳೆಂದು ಹಿಂದಿನ ದಿನ ಅವಳಿಗೇ ಗೊತ್ತಿಲ್ಲ. ಇದಕ್ಕಿಂತ ಭದ್ರವಾದ ವ್ಯವಸ್ಥೆ ಪ್ರಪಂಚದಲ್ಲಿ ಇದ್ದರೆ ತೋರಿಸಿ.

ಆಪರೇಟರರು ಈಗ ಬೇರೆಯೇ ಮನುಷ್ಯ. ಫೋನ್ ಎತ್ತಿದ ಕೂಡಲೇ, "ಇವತ್ತಿನ ತಿಂಡಿ ಏನು?" ಒಂದು ದಿನ ಸಾಹೇಬರೇ ಫೋನ್ ಮಾಡಿ ಅವಸರದಲ್ಲಿ "ಪೋಹೆ" ಎಂದುಬಿಟ್ಟರು.

"ತಪ್ಪು."

"ಅರೇ, ಈಗಷ್ಟೇ ತಿಂದು ಎದ್ದಿದ್ದೇನೆ!"

"ಅದು ನಿಮ್ಮ ಮನೆಯದ್ದು ಸಾಹೇಬರೇ. ಕಂಪನಿಯದ್ದು ಇವರ ಮನೆಯ ತಿಂಡಿ."

ಒಂದೇ ತೊಂದರೆ, ನನ್ನ ಹೆಂಡತಿ ಸತತ ಮೂರು ದಿನ ಇಡ್ಲಿ ಮಾಡಿದಳು. ನಾನು ರೇಗಿದೆ. "ಇಡ್ಲಿ ಅಂತ ಯಾರು ಬೇಕಾದರೂ ಊಹಿಸುತ್ತಾರೆ. ನಾವು ಉಡುಪಿಯವರು ಅಂತ ಗೊತ್ತಾದರೆ ಸಾಕು. ಕಾಲ ನೋಡಿ ಬದಲಾಯಿಸಬೇಕು, ಯಾರಿಗೂ ಹೊಳೆಯಬಾರದು!"

ಅವಳು ತುಮಕೂರು ಕಡೆಯವಳು. "ಆಯ್ತು ಬಿಡಿ" ಎಂದಳು. ಅವಳು ಹಾಗೆ ಮೆತ್ತಗೆ ಅಂದಾಗ ನಾನು ಹುಷಾರಾಗಬೇಕಿತ್ತು.

ಬಂದ್

ಚುನಾವಣೆಗೆ ಒಂದೇ ವಾರ. ಬಂದ್ ಎಂದು ಘೋಷಿಸಿದ್ದರು, ಆದರೂ ಹೊರಟೆ. ಲೋಕಲ್ ರೈಲು ಡೊಂಬಿವಲಿ ಬಿಟ್ಟು, ಕಳ್ವಾ ದಾಟಿ, ಠಾಣೆ ಇನ್ನೇನು ಬಂತು ಎನ್ನುವಾಗ ನಿಂತಿತು. ಮುಂದೆ ಹಳಿಯ ಮೇಲೆ ಜನ ಕೂತಿದ್ದಾರಂತೆ.

ಅಷ್ಟರಲ್ಲಿ ಫೋನ್ ಬಂತು. ಘಣಸೋಲಿಯ ಇಂಜಿನಿಯರರು. "ಯಾರೋ ನಿಮ್ಮ ಹೆಡ್ ಆಫೀಸಿನವನು ಎಂದು ಹೇಳಿಕೊಂಡು ನನ್ನ ಹಳೆಯ ಪಾಸ್‌ವರ್ಡ್ ಕೇಳಿದ. ಮುಖ ತೋರಿಸು ಎಂದೆ, ಇಟ್ಟುಬಿಟ್ಟ. ಇನ್ನು ನಿಮ್ಮ ಕಂಟ್ರೋಲ್ ರೂಮಿಗೆ ಮಾಡುತ್ತಾನೆ, ಹೊರಗಿನಿಂದ ಕಂಪ್ಯೂಟರಿಗೆ ಬರುವ ಲೈನ್ ತೆರೆಸುತ್ತಾನೆ. ಜಾಗ್ರತೆ."

ಅವನು ಒಳಗೆ ಬಂದು ವಾಲ್ವುಗಳನ್ನು ಮುಚ್ಚಿದರೆ, ಬಂದ್ ದಿನ ರಸ್ತೆಯಲ್ಲಿ ಹೋಗಿ ಕೈಯಲ್ಲಿ ತೆರೆಯಲು ಯಾರಿಗೂ ಆಗುವುದಿಲ್ಲ. ಎರಡು ಊರಿಗೆ ನೀರಿಲ್ಲ, ಬೀದಿಯಲ್ಲಿ ಕಲ್ಲು, ನನಗೆ ಮೀಟರ್ ರೀಡಿಂಗ್. ಹೊರಗಿನ ಲೈನಿನ ವೈರನ್ನೇ ಕಿತ್ತುಹಾಕಿಸಬೇಕು. ಸಾಹೇಬರ ಫೋನ್ ಎಂಗೇಜ್. ನೇರ ಕಂಟ್ರೋಲ್ ರೂಮಿಗೇ ಮಾಡಿದೆ.

"ನಾನು ಮಾತಾಡುವುದು. ಕೂಡಲೇ ಹೊರಗಿನ ಲೈನಿನ ವೈರ್ ಕಿತ್ತುಹಾಕಿ!"

ಆಪರೇಟರರ ಧ್ವನಿ ಕಲ್ಲಿನ ಹಾಗಿತ್ತು. "ಇವತ್ತಿನ ತಿಂಡಿ ಏನು?"

ಆ ನೂಕುನುಗ್ಗಲಿನಲ್ಲಿ, ಮೇಲಿನ ರ್‍ಯಾಕಿನಿಂದ ಚೀಲ ಇಳಿಸಿ, ಯಾರದೋ ಭುಜದ ಮೇಲೆ ಡಬ್ಬಿ ಇಟ್ಟು ತೆರೆದೆ. ಹಳದಿ ಬಣ್ಣ, ತುಪ್ಪ, ಏಲಕ್ಕಿ, ಗೋಡಂಬಿ, ದ್ರಾಕ್ಷಿ. ಘಮಘಮ.

"ಶೀರಾ!"

"ತಪ್ಪು."

ಸುತ್ತಲಿನವರಿಗೆ ತುಪ್ಪದ ವಾಸನೆ ಮುಟ್ಟಿತು. ಒಬ್ಬರು, "ಪೂಜೆಯದ್ದಾ?" ಎಂದು ಭಕ್ತಿಯಿಂದ ಕೈ ಒಡ್ಡಿದರು. ಅವರ ಹಿಂದೆ ಇನ್ನೆರಡು ಕೈ.

"ಕೇಸರಿಬಾತ್!"

"ತಪ್ಪು. ಇನ್ನು ಒಂದೇ ಸಲ."

ಹೆಂಡತಿಯನ್ನು ಕೇಳೋಣ ಎಂದರೆ ಈ ಫೋನ್ ಇಟ್ಟ ಕೂಡಲೇ ಕಳ್ಳನಿಗೆ ಲೈನ್ ಸಿಗುತ್ತದೆ. ಯೋಚಿಸು, ಯೋಚಿಸು. ಯಾರಿಗೂ ಹೊಳೆಯಬಾರದು ಎಂದು ಅವಳಿಗೆ ಹೇಳಿದವನು ನಾನೇ. ಅವಳು ತುಮಕೂರಿನವಳು. ತುಮಕೂರಿನಲ್ಲಿ ಇದಕ್ಕೆ ಏನೆನ್ನುತ್ತಾರೆ? ತಟ್ಟನೆ ನೆನಪಾಯಿತು. ಮದುವೆಯಾದ ಹೊಸತರಲ್ಲಿ ಇದೇ ಶಬ್ದಕ್ಕೆ ನಮಗೆ ದೊಡ್ಡ ಜಗಳವಾಗಿತ್ತು. ಉಡುಪಿಯಲ್ಲಿ ಸಜ್ಜಿಗೆ ಎಂದರೆ ಉಪ್ಪಿಟ್ಟು, ಒಗ್ಗರಣೆ ಹಾಕಿ ಅವಲಕ್ಕಿಯ ಜೊತೆ ತಿನ್ನುವುದು. ಅವಳ ಊರಲ್ಲಿ ಸಜ್ಜಿಗೆ ಎಂದರೆ ಸಿಹಿ. ಆಮೇಲೆ ಮನೆಯಲ್ಲಿ ಆ ಶಬ್ದವನ್ನೇ ಬಿಟ್ಟಿದ್ದೆವು.

"ಸಜ್ಜಿಗೆ!" ಎಂದು ಕಿರುಚಿದೆ.

"ಸರಿ!" ಆಪರೇಟರರ ಧ್ವನಿ ಬೆಣ್ಣೆಯಾಯಿತು. "ಎಂತ ಮಾರಾಯ್ರೆ, ಮೊದಲೇ ಹೇಳಬಾರದಾ? ಶೀರಾ ಗೀರಾ ಎಂದು ಹೆದರಿಸಿಬಿಟ್ಟಿರಿ. ಜೊತೆಗೆ ಅವಲಕ್ಕಿ ಕೊಟ್ಟಿದ್ದಾರಾ?"

ಅಲ್ಲಿಗೆ 'ಹೌದು' ಎಂದಿದ್ದರೆ ಮುಗಿಯುತ್ತಿತ್ತು. ಸಂತೋಷದಲ್ಲಿ ನನ್ನ ನಾಲಿಗೆ ನಿಲ್ಲಲಿಲ್ಲ. "ಅವಲಕ್ಕಿ ಎಲ್ಲಿಯದು, ದ್ರಾಕ್ಷಿ ಗೋಡಂಬಿ ಹಾಕಿದ್ದಾಳೆ. ನೀವು ಮೊದಲು ವೈರ್ ಕೀಳಿ."

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿತು.

"ಏನು ಹಾಕಿದ್ದಾರೆ?"

"ದ್ರಾಕ್ಷಿ."

"ಸಜ್ಜಿಗೆಗೆ?"

"ಇದು ಸಿಹಿ ಸಜ್ಜಿಗೆ ಮಾರಾಯ್ರೆ, ನನ್ನ ಹೆಂಡತಿ..."

"ಸಾಕು! ನಾನು ಹೋಟೆಲಿನಲ್ಲಿ ಇಷ್ಟು ವರ್ಷ ಸಜ್ಜಿಗೆ ತಿರುವಿದವ. ಶಬ್ದ ನೀನು ಎಲ್ಲಿಯೋ ಕದ್ದು ಕೇಳಿದ್ದೀ. ತಿಂಡಿ ನೋಡಿಲ್ಲ!"

ನನಗೆ ತಡೆಯಲಾಗಲಿಲ್ಲ. ತುಳುವಿನಲ್ಲಿ ನನಗೆ ಗೊತ್ತಿರುವ ಎಲ್ಲವನ್ನೂ ಒಂದೇ ಉಸಿರಿಗೆ ಬೈದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು.

"ತುಳುವೂ ಕಲಿತು ಬಂದಿದ್ದೀಯಾ. ಭಾರೀ ತಯಾರಿ" ಎಂದು ಹೇಳಿ ಫೋನ್ ಕುಕ್ಕಿದರು.

ಮತ್ತೆ ಮಾಡಿದೆ, ಎಂಗೇಜ್. ಮತ್ತೂ ಎಂಗೇಜ್. ರಿಸೀವರ್ ತೆಗೆದು ಕೆಳಗಿಟ್ಟಿದ್ದಾರೆ ಮಹಾನುಭಾವರು. ಡಬ್ಬಿ ನೋಡಿದರೆ ಖಾಲಿ, ಅರ್ಧ ಬೋಗಿಗೇ ಪ್ರಸಾದ ಹಂಚಿಹೋಗಿತ್ತು. ನಾನೂ ಗಟ್ಟಿಯೇ. ಗಾಡಿಯಿಂದ ಧುಮುಕಿದೆ, ಹಳಿಯ ಪಕ್ಕದಲ್ಲಿ ಠಾಣೆ ಸ್ಟೇಶನ್ನಿನವರೆಗೆ ನಡೆದೆ. ರಿಕ್ಷಾ ಇಲ್ಲ, ಬಸ್ಸಿಲ್ಲ, ಅಂಗಡಿಗಳ ಶಟರ್ ಎಲ್ಲ ಕೆಳಗೆ. ವಾಗ್ಳೆ ಎಸ್ಟೇಟಿನವರೆಗೆ ಅರ್ಧ ಓಟ, ಅರ್ಧ ನಡಿಗೆ. ನೀರು ನಿಲ್ಲಬಾರದು, ನಿಲ್ಲಬಾರದು ಎಂದು ಬಾಯಲ್ಲಿ ಜಪ.

ಕಂಟ್ರೋಲ್ ರೂಮಿನ ಬಾಗಿಲು ತಳ್ಳಿದೆ. ಎಲ್ಲ ಪಂಪುಗಳೂ ಓಡುತ್ತಿವೆ. ಆಪರೇಟರರು ಕುರ್ಚಿಯಲ್ಲಿ ಸೆಟೆದು ಕೂತಿದ್ದಾರೆ. ಅವರ ಮಡಿಲಲ್ಲಿ ಕಿತ್ತುಹಾಕಿದ ವೈರು!

"ಒಳ್ಳೆಯ ಹೊತ್ತಿಗೆ ಬಂದಿರಿ" ಎಂದರು. "ಮೊದಲು ಒಬ್ಬ ಹೆಡ್ ಆಫೀಸಿನಿಂದ ಎಂದು ಫೋನ್ ಮಾಡಿದ, ಹೊರಗಿನ ಲೈನ್ ತೆರೆಯಿರಿ ಎಂದ. ಇವತ್ತಿನ ತಿಂಡಿ ಏನು ಎಂದು ಕೇಳಿದೆ. ನನ್ನದು ಆಗಿದೆ, ನಿಮ್ಮದು ಆಯಿತಾ ಎಂದು ಕೇಳಿದ, ಮಂಗ. ಆಮೇಲೆ ಇನ್ನೊಬ್ಬ, ಅವನು ಭಾರೀ ಖದೀಮ. ನಿಮ್ಮದೇ ಧ್ವನಿ, ನಿಮ್ಮದೇ ಬೈಗುಳ. ಇದು ಸಣ್ಣ ಸಂಗತಿ ಅಲ್ಲ ಎಂದು ನನಗೆ ಖಾತ್ರಿಯಾಯಿತು. ವೈರೇ ಕಿತ್ತುಬಿಟ್ಟೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಬಂತು, ಅವರನ್ನು ತಬ್ಬಿಕೊಂಡೆ. ಆಮೇಲೆ ಲೈನ್ ಕೊಟ್ಟ ಕಂಪನಿಯ ದಾಖಲೆ ತರಿಸಿ ನೋಡಿದರೆ, ಹನ್ನೊಂದರಿಂದ ಹನ್ನೆರಡರವರೆಗೆ ಯಾರೋ ಹೊರಗಿನಿಂದ ನಮ್ಮ ಬಾಗಿಲು ಬಡಿದೇ ಬಡಿದಿದ್ದಾರೆ. ವೈರೇ ಇಲ್ಲದ ಮನೆಗೆ ಹೇಗೆ ಬರುತ್ತಾರೆ? ಡೊಂಬಿವಲಿಯಲ್ಲಿ ನನ್ನ ಹೆಂಡತಿ ಹಾಯಾಗಿ ನಲ್ಲಿ ಬಿಟ್ಟುಕೊಂಡು ಬಟ್ಟೆ ಒಗೆಯುತ್ತಿದ್ದಳು.

"ನೀವೇ ಹೇಳಿದ್ರಲ್ಲ, ಯಾರಿಗೂ ಹೊಳೀಬಾರದು ಅಂತ" ಎಂದಳು ಸಂಜೆ. "ನಿಮಗೂ ಹೊಳೀಲಿಲ್ಲ ಅಂದ್ರೆ ಚೆನ್ನಾಗೇ ಇದೆ ಅಂತಾಯ್ತು."

ಮರುದಿನ ಸಾಹೇಬರು ಬಂದು ರಿಜಿಸ್ಟರ್ ತರಿಸಿದರು. ನನ್ನ ಪೋಸ್ಟಿನ ತೀರ್ಮಾನ ಅದರಲ್ಲಿತ್ತು. ಕನ್ನಡದಲ್ಲಿ ಬರೆದಿದ್ದರಿಂದ ನನ್ನಿಂದಲೇ ಓದಿಸಿ ಮರಾಠಿಯಲ್ಲಿ ಹೇಳಿಸಿದರು. ಕೇಳಿ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಪೋಸ್ಟ್ ಇರುತ್ತದೆ" ಎಂದು ಅಲ್ಲೇ ಸಹಿ ಹಾಕಿದರು. ಆ ಪುಟದ ನಕಲು ಈಗಲೂ ನನ್ನ ಹತ್ತಿರ ಇದೆ. ಆಪರೇಟರರ ದುಂಡಗಿನ ಅಕ್ಷರದಲ್ಲಿ ಎರಡೇ ಸಾಲು:

"ಮೊದಲನೆಯ ಕಳ್ಳ: ತಿಂಡಿ ಗೊತ್ತಿಲ್ಲ. ಸಾಧಾರಣ.

ಎರಡನೆಯ ಕಳ್ಳ: ತುಂಬಾ ಅಪಾಯದ ಮನುಷ್ಯ. ಶಬ್ದ ಗೊತ್ತಿದೆ, ತುಳು ಬರುತ್ತದೆ. ಆದರೆ ಸಜ್ಜಿಗೆಗೆ ದ್ರಾಕ್ಷಿ ಹಾಕುತ್ತಾನೆ."